ಹತ್ತು ಲೀಟರಿನ ಪೀಪಾಯಿಗೆ ಎಷ್ಟು ಜನ ಬೇಕು?

ಜರ್ಮನಿಯ ಕೊಲೋನ್‌ನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಒಂದು ಶನಿವಾರ ಬೆಳಗ್ಗೆ ಪಾನೀಯದ ಅಂಗಡಿಯಿಂದ ಉಕ್ಕಿನ ಪುಟ್ಟ ಪೀಪಾಯಿಯೊಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮನೆಗೆ ತಂದ. ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಜೋಪಾನವಾಗಿ ಅದನ್ನು ಸ್ನಾನದ ತೊಟ್ಟಿಯಲ್ಲಿ ನಿಲ್ಲಿಸಿ, ಸುತ್ತ ನೀರು ಬಿಟ್ಟು, ಮೂರು ಚೀಲ ಮಂಜುಗಡ್ಡೆ ಸುರಿದ. ಆಮೇಲೆ ಫೋನು ಹಿಡಿದು ಕೂತ. "ಸಂಜೆಗೆ ಒಂಬತ್ತು ಜನ ಖಾತ್ರಿ ಆದ್ರು ಮಾಮ, ಇನ್ನೊಬ್ಬರಾದ್ರೂ ಬೇಕು" ಎಂದ. ಬಿಯರ್ ಯಾವ ಬಗೆಯದು, ರುಚಿ ಹೇಗೆ ಎಂದು ನಾನು ಕೇಳುವುದರಲ್ಲಿದ್ದೆ. ಅವನು ಮಾತ್ರ ಜನರ ಲೆಕ್ಕ ಹಾಕುತ್ತಿದ್ದ.

ಹತ್ತನೆಯವರು ಬರದಿದ್ದರೆ ಏನಾಗುತ್ತದೆ, ಮಿಕ್ಕದ್ದನ್ನು ಫ್ರಿಜ್ಜಿನಲ್ಲಿಟ್ಟರಾಯಿತಲ್ಲ ಎಂದೆ. "ಇದು ಇಟ್ಟುಕೊಳ್ಳೋ ಸಾಮಾನಲ್ಲ ಮಾಮ" ಎಂದ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಚ್ಚಿದ್ದಾಗ ತಿಂಗಳುಗಟ್ಟಲೆ ಕೆಡದ ವಸ್ತು, ತೆರೆದ ಮೇಲೆ ಒಂದೆರಡು ದಿನವೂ ಯಾಕೆ ತಾಳುವುದಿಲ್ಲ? ಪುಟ್ಟ ಪೀಪಾಯಿಯನ್ನು ಮನೆಗೆ ತರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನೇ.

ಕೊಲೋನ್ ಎಂದರೆ ನಮಗೆ ನೆನಪಾಗುವುದು ಅತ್ತರು. ಆ ಊರಿನವರಿಗೆ ಹೆಮ್ಮೆ ಇರುವುದು ಅಷ್ಟೇ ತಿಳಿಯಾದ ಇನ್ನೊಂದು ದ್ರವದ ಮೇಲೆ. ಅದರ ಹೆಸರು ಕ್ಯೋಲ್ಶ್. ಹುಲ್ಲಿನ ಬಣ್ಣದ, ಹೆಚ್ಚು ಕಹಿಯಿಲ್ಲದ, ನೂರಕ್ಕೆ 4.8ರ ಆಸುಪಾಸು ಮದ್ಯಸಾರವಿರುವ ಬಿಯರ್ ಅದು. ಊರಿನ ಮತ್ತು ಸುತ್ತಲಿನ ಬ್ರೂವರಿಗಳು 1986ರಲ್ಲಿ ಒಪ್ಪಂದವೊಂದಕ್ಕೆ ಸಹಿ ಹಾಕಿ, ಕ್ಯೋಲ್ಶ್ ಎಂಬ ಹೆಸರನ್ನು ಆ ಪ್ರದೇಶಕ್ಕೆ ಕಟ್ಟಿಹಾಕಿದವು. 1997ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆಯಿತು. ನಮ್ಮ ಮೈಸೂರು ಮಲ್ಲಿಗೆಗೆ, ಇಳಕಲ್ ಸೀರೆಗೆ ಇರುವಂಥದೇ ಗುರುತು. ಇದನ್ನು ಕುಡಿಯುವುದು 200 ಮಿಲಿಲೀಟರಿನ ಉದ್ದನೆಯ ತೆಳು ಲೋಟದಲ್ಲಿ. ಬೆಚ್ಚಗಾಗಿ ಸಪ್ಪೆಯಾಗುವ ಮೊದಲೇ ಲೋಟ ಖಾಲಿಯಾಗಲಿ ಎಂದೇ ಇರಬೇಕು, ಲೋಟ ಅಷ್ಟು ಚಿಕ್ಕದು.

ಮನೆಗೆ ಒಯ್ಯುವ 10 ಲೀಟರಿನ ಪೀಪಾಯಿಗೆ ಆ ಊರಿನ ಆಡುನುಡಿಯಲ್ಲಿ ಪಿಟ್ಟರ್‌ಮೆನ್‌ಶೆ ಎನ್ನುತ್ತಾರೆ. ಪಿಟ್ಟರ್ ಎಂದರೆ ಪೀಟರ್, ಮೆನ್‌ಶೆ ಎಂದರೆ ಪುಟ್ಟ ಮನುಷ್ಯ. ಪುಟ್ಟ ಪೀಟರಣ್ಣ ಎನ್ನಬಹುದು. ಪಾತ್ರೆಗೆ ಮನುಷ್ಯನ ಹೆಸರಿಟ್ಟು ಕರೆಯುವ ಆ ಸಲಿಗೆ ನನಗೆ ಇಷ್ಟವಾಯಿತು. ಸಣ್ಣ ಬ್ರೂವರಿಗಳ ಬಿಯರ್‌ಗೆ ಈಗ ಜಗತ್ತೆಲ್ಲ ಕ್ರಾಫ್ಟ್ ಎಂಬ ಪದ ಬಳಸುತ್ತದೆ. ಆ ಪದ ಹುಟ್ಟುವುದಕ್ಕೆ ಬಹಳ ಮೊದಲಿನಿಂದಲೂ ಇಲ್ಲಿಯ ಮನೆತನಗಳು ತಮ್ಮ ಬೀದಿಯವರಿಗೆಂದು ಬಿಯರ್ ಮಾಡಿ ಪೀಪಾಯಿಯಲ್ಲಿ ಕಳಿಸುತ್ತಿದ್ದವು.

ಈ ಪೀಪಾಯಿಯಲ್ಲಿ ದ್ರವದಷ್ಟೇ ಮುಖ್ಯವಾದದ್ದು ಅನಿಲ. ಒಂದು ಲೀಟರ್ ಬಿಯರ್‌ನಲ್ಲಿ ಸುಮಾರು 5 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಹತ್ತು ಲೀಟರಿಗೆ 50 ಗ್ರಾಂ. ಅಷ್ಟನ್ನೂ ಹೊರಗೆ ಬಿಟ್ಟು ಸಾಮಾನ್ಯ ಒತ್ತಡದಲ್ಲಿ ಅಳೆದರೆ ಸುಮಾರು 25 ಲೀಟರ್ ಆಗುತ್ತದೆ. ಹತ್ತು ಲೀಟರಿನ ಪಾತ್ರೆಯಲ್ಲಿ ಹತ್ತು ಲೀಟರ್ ದ್ರವವೂ ಇದೆ, ಅದರೊಳಗೆ ಎರಡೂವರೆ ಪಟ್ಟು ಅನಿಲವೂ ಅಡಗಿ ಕೂತಿದೆ.

ಈ ಅನಿಲವನ್ನು ದ್ರವದಲ್ಲಿ ಕೂಡಿಹಾಕುವ ವಿದ್ಯೆ ಹುಟ್ಟಿದ್ದು ಬಿಯರ್ ತೊಟ್ಟಿಯ ಮೇಲೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕ ಒಂದು ಬ್ರೂವರಿ ಇತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ನಿಂತ ಅನಿಲದೊಳಗೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದಾಗ ನೀರಿಗೆ ಚುರುಕು ರುಚಿ ಬರುವುದನ್ನು ಅವರು ಕಂಡರು. 1772ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಸೋಡಾದ ಮೂಲ ಅದೇ. ಅದಾಗಿ ನೂರು ವರ್ಷಕ್ಕೆ, 1872ರಲ್ಲಿ, ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಗಾಜಿನ ಗೋಲಿಯಿಂದ ಮುಚ್ಚಿಕೊಳ್ಳುವ ಬಾಟಲಿಗೆ ಪೇಟೆಂಟ್ ಪಡೆದರು. ನಮ್ಮ ಜಾತ್ರೆಗಳ ಗೋಲಿ ಸೋಡಾ ಅದೇ ಬಾಟಲಿ. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಹೆಬ್ಬೆರಳಿನಿಂದ ಗೋಲಿ ಒತ್ತಿದಾಗ ಕೀಂಯ್ ಎನ್ನುವುದು ಅದೇ ಅನಿಲ. ಪೀಪಾಯಿಯನ್ನು ಅರ್ಥಮಾಡಿಕೊಳ್ಳಲು ಗೋಲಿ ಸೋಡಾ ಕುಡಿದು ಗೊತ್ತಿದ್ದರೆ ಸಾಕು.

ಕೂಡಿಹಾಕಿದ್ದು ಎಷ್ಟು ಹೊತ್ತು ಒಳಗಿರುತ್ತದೆ ಎಂಬುದಕ್ಕೆ ನಿಯಮ ಕೊಟ್ಟವರು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ, 1803ರಲ್ಲಿ. ದ್ರವದ ಮೇಲೆ ಒಂದು ಅನಿಲದ ಒತ್ತಡ ಎಷ್ಟಿದೆಯೋ ಆ ಪ್ರಮಾಣಕ್ಕೆ ತಕ್ಕಂತೆ ಅದು ದ್ರವದಲ್ಲಿ ಕರಗುತ್ತದೆ. ಒತ್ತಡ ಇಳಿಸಿದರೆ ಅಷ್ಟು ಹೊರಬರುತ್ತದೆ. ದ್ರವ ತಣ್ಣಗಿದ್ದಷ್ಟೂ ಹೆಚ್ಚು ಕರಗುತ್ತದೆ. ಬಿಯರ್‌ನ ಆ ಎರಡೂವರೆ ಪಟ್ಟು ಅನಿಲ ಕರಗಿಯೇ ಇರಬೇಕಾದರೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾತಾವರಣದ 1.7 ಪಟ್ಟು ಒತ್ತಡ ಸಾಕು. 20 ಡಿಗ್ರಿಗೆ 2.8 ಪಟ್ಟು ಬೇಕು. 30 ಡಿಗ್ರಿಗೆ ಹೆಚ್ಚುಕಡಿಮೆ 3.7 ಪಟ್ಟು. ಪಾತ್ರೆ ಅದೇ, ಬಿಯರ್ ಅದೇ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಕೆಲವು ತಾಸು ಇದ್ದದ್ದಕ್ಕೇ ಒಳಗಿನ ಒತ್ತಡ ಇಮ್ಮಡಿ. ತಗಡಿನ ಪೀಪಾಯಿಗಳ ತಳ ಮತ್ತು ನೆತ್ತಿ ಉಬ್ಬಿಕೊಳ್ಳುವುದು ಹೀಗೆ. ಅಂಥದನ್ನು ತೆರೆದರೆ ಮೊದಲ ಎರಡು ಲೀಟರು ನೊರೆಯಾಗಿಯೇ ಹೋಗುತ್ತದೆ.

ಆದ್ದರಿಂದಲೇ ಸ್ನಾನದ ತೊಟ್ಟಿ. ಕೋಣೆಯಲ್ಲಿ 25 ಡಿಗ್ರಿ ಇದ್ದ ಹತ್ತು ಲೀಟರನ್ನು 7 ಡಿಗ್ರಿಗೆ ಇಳಿಸಲು ಸುಮಾರು 750 ಕಿಲೋಜೂಲ್ ಶಾಖ ಹೊರತೆಗೆಯಬೇಕು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಹೀರಿಕೊಳ್ಳುತ್ತದೆ. ಲೆಕ್ಕಕ್ಕೆ ಎರಡೂಕಾಲು ಕಿಲೋ ಸಾಕು. ತೊಟ್ಟಿಯ ನೀರನ್ನೂ ತಣಿಸಬೇಕಾದ್ದರಿಂದ ಅದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಮಂಜುಗಡ್ಡೆಯ ಜೊತೆ ನೀರು ಇರಲೇಬೇಕು. ನೀರು ಶಾಖವನ್ನು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಸಾಗಿಸುತ್ತದೆ, ಪೀಪಾಯಿಯ ಮೈಯನ್ನೆಲ್ಲ ಮುಟ್ಟುತ್ತದೆ. ಫ್ರಿಜ್ಜಿನ ಗಾಳಿ ಇದೇ ಕೆಲಸಕ್ಕೆ ಇಡೀ ರಾತ್ರಿ ತೆಗೆದುಕೊಂಡೀತು.

ಪುಟ್ಟ ಪಾತ್ರೆಗೆ ಇಲ್ಲಿ ಒಂದು ಅನುಕೂಲ ಇದೆ, ಅದೇ ಅದರ ತೊಂದರೆಯೂ ಹೌದು. ಬಾರುಗಳಲ್ಲಿ ಬಳಸುವ 50 ಲೀಟರಿನ ಪೀಪಾಯಿಗೆ ಹೋಲಿಸಿದರೆ 10 ಲೀಟರಿನದಕ್ಕೆ ಪ್ರತಿ ಲೀಟರಿಗೆ 1.7 ಪಟ್ಟು ಹೆಚ್ಚು ಮೈ. ಬೇಗ ತಣಿಯುತ್ತದೆ. ಮೇಜಿನ ಮೇಲಿಟ್ಟರೆ ಅಷ್ಟೇ ಬೇಗ ಕಾಯುತ್ತದೆ. ದೊಡ್ಡ ಹಂಡೆಯ ನೀರು ರಾತ್ರಿಯೆಲ್ಲ ಬಿಸಿಯಿದ್ದು ಚೊಂಬಿನದು ಆರಿಹೋಗುವ ಹಾಗೆ. ಒದ್ದೆ ಟವೆಲ್ ಸುತ್ತುವ ಜರ್ಮನ್ ಅಜ್ಜಿಯರ ಉಪಾಯ ನಮ್ಮ ಮಣ್ಣಿನ ಹೂಜಿಯ ತತ್ವವೇ.

ಸಾಗಿಸುವಾಗ ಕುಲುಕಿದ ಪೀಪಾಯಿಯನ್ನು ಕೂಡಲೇ ತೆರೆಯಬಾರದು. ಕುಲುಕಾಟದಿಂದ ಒತ್ತಡ ಹೆಚ್ಚಾಯಿತು ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ, ಮುಚ್ಚಿದ ಪಾತ್ರೆಯಲ್ಲಿ ಸಮತೋಲಕ್ಕೆ ಬಂದ ಒತ್ತಡ ಕುಲುಕಿದ್ದಕ್ಕೆ ಏರುವುದಿಲ್ಲ. ಆದರೆ ಮೇಲಿನ ಖಾಲಿ ಜಾಗದ ಅನಿಲ ಸಾವಿರಾರು ಸಣ್ಣ ಗುಳ್ಳೆಗಳಾಗಿ ದ್ರವದೊಳಗೆ ಸಿಕ್ಕಿಕೊಳ್ಳುತ್ತದೆ. ಕರಗಿದ ಅನಿಲ ಹೊರಬರಬೇಕಾದರೆ ಅದಕ್ಕೊಂದು ಆಸರೆ ಬೇಕು, ಒಂದು ಧೂಳಿನ ಕಣವೋ ಗಾಜಿನ ಗೀರೋ ಆಗಲೇ ಇರುವ ಗುಳ್ಳೆಯೋ. ಕುಲುಕಿದ ಪಾತ್ರೆಯನ್ನು ತೆರೆದಾಗ ಆ ಪ್ರತಿಯೊಂದು ಗುಳ್ಳೆಯೂ ಹಿಗ್ಗಿ ದ್ರವವನ್ನು ಹೊತ್ತು ಹೊರಗೆ ನುಗ್ಗುತ್ತದೆ. ಕೆಲವು ತಾಸು ಸುಮ್ಮನೆ ಬಿಟ್ಟರೆ ಗುಳ್ಳೆಗಳು ಮೇಲೇರಿ ಹೋಗುತ್ತವೆ.

ಸಂಜೆ ಆರೂವರೆಗೆ ಪೀಪಾಯಿ ಬಾಲ್ಕನಿಯ ಮೇಜಿನ ಅಂಚಿಗೆ ಬಂತು. ಕೆಳಗಡೆ ರಬ್ಬರಿನ ಬಿರಡೆ, ನೆತ್ತಿಯ ಮೇಲೆ ಇನ್ನೊಂದು. ಹಿತ್ತಾಳೆಯ ನಲ್ಲಿಯ ಮೂತಿಯನ್ನು ಕೆಳಗಿನ ಬಿರಡೆಗೆ ಒತ್ತಿ ಹಿಡಿದು ಅಳಿಯ ಸುತ್ತಿಗೆಯಿಂದ ಎರಡು ಏಟು ಹಾಕಿದ. ಒಂದೇ ಏಟಿಗೆ ಇಳಿಸುವುದು ಕಸುಬುದಾರರ ಲಕ್ಷಣವಂತೆ. ಮೊದಲ ಐದಾರು ಲೋಟ ಒಳಗಿನ ಒತ್ತಡದಿಂದ ತಾನೇ ಹರಿಯಿತು, ದಪ್ಪ ನೊರೆಯೊಡನೆ. ಆಮೇಲೆ ಧಾರೆ ಸಣ್ಣಗಾಗಿ ನಿಂತಿತು. ಆಗ ಅವನು ನೆತ್ತಿಯ ಬಿರಡೆಯನ್ನು ತೆರೆದ. ಉಸಿರೆಳೆದಂಥ ಒಂದು ಶಬ್ದ ಕೇಳಿಸಿತು, ಬಿಯರ್ ಮತ್ತೆ ಹರಿಯತೊಡಗಿತು.

ಆ ಉಸಿರಿನ ಶಬ್ದದ ಬಗ್ಗೆ ಹೇಳಲೇಬೇಕು. ಅದರ ಹಿಂದಿನ ಕ್ಷಣದ ತನಕ ಪೀಪಾಯಿಯೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಒಳ್ಳೆಯ ಬ್ರೂವರಿ ಪೀಪಾಯಿ ತುಂಬುವಾಗ ಲೀಟರಿಗೆ 0.05 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕ ಸೇರುವಂತೆ ನೋಡಿಕೊಳ್ಳುತ್ತದೆ. ಅದಕ್ಕಾಗಿ ಪೀಪಾಯಿಯನ್ನು ಮೊದಲು ಇಂಗಾಲದ ಡೈಆಕ್ಸೈಡಿನಿಂದ ತುಂಬಿ, ಆಮೇಲೆ ಬಿಯರ್ ಬಿಡುತ್ತಾರೆ. ಈಗ ಹೊರಹೋದ ಪ್ರತಿ ಲೀಟರ್ ಬಿಯರ್‌ಗೆ ಪ್ರತಿಯಾಗಿ ಒಂದು ಲೀಟರ್ ಬಾಲ್ಕನಿಯ ಗಾಳಿ ಒಳಗೆ ಬರುತ್ತದೆ. ಅದರಲ್ಲಿ ಆಮ್ಲಜನಕವೇ ಸುಮಾರು 280 ಮಿಲಿಗ್ರಾಂ. ಬ್ರೂವರಿಯವರು ಅಷ್ಟು ಕಷ್ಟಪಟ್ಟು ಹೊರಗಿಟ್ಟದ್ದರ ಐದು ಸಾವಿರ ಪಟ್ಟಿಗೂ ಹೆಚ್ಚು, ಒಂದು ಲೀಟರ್ ಬಗ್ಗಿಸಿದ್ದಕ್ಕೆ.

ಇಲ್ಲೊಂದು ಸಮಾಧಾನದ ಮಾತು ಚಾಲ್ತಿಯಲ್ಲಿದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಆದ್ದರಿಂದ ಅದು ಬಿಯರ್‌ನ ಮೇಲೆ ಕಂಬಳಿ ಹೊದಿಸಿದಂತೆ ಕೂತು ಕಾಯುತ್ತದೆ ಎಂದು. ಭಾರ ಎಂಬುದು ನಿಜ. ಕಂಬಳಿ ಎಂಬುದು ನಿಜವಲ್ಲ. ಅನಿಲಗಳ ಅಣುಗಳು ಸದಾ ಓಡಾಡುತ್ತಿರುತ್ತವೆ, ಒಂದರೊಳಗೊಂದು ನುಸುಳುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಬೆರೆಯುವ ವೇಗದಿಂದ ಲೆಕ್ಕ ಹಾಕಿದರೆ, ಒಂದು ಗೇಣು ಎತ್ತರದ ಖಾಲಿ ಜಾಗದಲ್ಲಿ ಎರಡೂ ಬಹುಪಾಲು ಬೆರೆಯಲು ಅರ್ಧ ಗಂಟೆಯ ಆಸುಪಾಸು ಸಾಕು. ನಲ್ಲಿ ತಿರುಗಿಸಿದಾಗಲೆಲ್ಲ ಒಳನುಗ್ಗುವ ಗಾಳಿ ಇನ್ನಷ್ಟು ಕಲಕುತ್ತದೆ. ಪಾರ್ಟಿ ನಡೆಯುವಷ್ಟು ಹೊತ್ತು ಕಂಬಳಿ ಅಷ್ಟಿಷ್ಟು ನೆರವಾಗುತ್ತದೆ. ಬೆಳಗಿನ ತನಕ ಅದನ್ನು ನಂಬಿ ಕೂರುವಂತಿಲ್ಲ.

ಮೊದಲು ಹೋಗುವುದು ಚುರುಕು. ಮೇಲೆ ಒತ್ತಡವಿಲ್ಲದ ಮೇಲೆ ಹೆನ್ರಿಯ ನಿಯಮದಂತೆ ಅನಿಲ ಹೊರಡುತ್ತದೆ. 8 ಡಿಗ್ರಿಯಲ್ಲಿ, ಮೇಲಿರುವುದೆಲ್ಲ ಇಂಗಾಲದ ಡೈಆಕ್ಸೈಡೇ ಎಂದುಕೊಂಡರೂ, ಕೊನೆಗೆ ಉಳಿಯುವುದು ಮೊದಲಿನ ಅರ್ಧದಷ್ಟು. ಗಾಳಿ ಬೆರೆತಿದ್ದರೆ ಅದಕ್ಕಿಂತ ಕಡಿಮೆ. ಎರಡನೆಯದಾಗಿ ಹೋಗುವುದು ಹಾಪ್ ಹೂವಿನ ಪರಿಮಳ. ಹಾಪ್ ಹೆಚ್ಚು ಹಾಕಿದ ಕ್ರಾಫ್ಟ್ ಬಿಯರ್‌ಗಳಿಗೆ ಇದೇ ದೊಡ್ಡ ನಷ್ಟ, ಅವುಗಳ ಜೀವವೇ ಆ ಪರಿಮಳದಲ್ಲಿದೆ. ಆಮೇಲೆ ನಿಧಾನವಾಗಿ ಮಾಲ್ಟಿನ ರುಚಿ ಮುಗ್ಗಲಾಗುತ್ತದೆ. ಹಳತಾದ ಬಿಯರ್‌ನಲ್ಲಿ ಒದ್ದೆ ರಟ್ಟಿನ ವಾಸನೆ ಕೊಡುವ ಟ್ರಾನ್ಸ್-2-ನೊನೆನಾಲ್ ಎಂಬ ವಸ್ತುವನ್ನು ನಮ್ಮ ಮೂಗು ಲೀಟರಿಗೆ ಮೈಕ್ರೋಗ್ರಾಂನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲೇ ಹಿಡಿಯುತ್ತದೆ. ಮಳೆಗಾಲದಲ್ಲಿ ತೊಯ್ದ ಪುಸ್ತಕದ ಪೆಟ್ಟಿಗೆಯನ್ನು ತೆರೆದವರಿಗೆ ಆ ವಾಸನೆ ಗೊತ್ತು.

ಕೊನೆಗೆ ಬರುವುದು ಹುಳಿ. ಇದು ನಮ್ಮ ಕರಾವಳಿಯವರಿಗೆ ವಿವರಿಸಬೇಕಾದ್ದೇ ಅಲ್ಲ. ಮೂರ್ತೆದಾರರು ಬೆಳಗ್ಗೆ ಮರದಿಂದ ಇಳಿಸಿದ ಶೇಂದಿ ಸಿಹಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಚುರುಕಾಗುತ್ತದೆ, ಮರುದಿನಕ್ಕೆ ಹುಳಿಯತ್ತ ಹೊರಳುತ್ತದೆ. ಬಾಯಿ ತೆರೆದ ಮಡಕೆಯಲ್ಲಿ ಯೀಸ್ಟು ಸಕ್ಕರೆಯನ್ನು ಮದ್ಯಸಾರ ಮಾಡುತ್ತಿದ್ದಂತೆ, ಅಸಿಟಿಕ್ ಬ್ಯಾಕ್ಟೀರಿಯಾಗಳು ಆ ಮದ್ಯಸಾರವನ್ನು ವಿನೆಗರ್ ಮಾಡುತ್ತವೆ. ಬಿಯರ್‌ಗೆ ಶೇಂದಿಗಿಲ್ಲದ ಕಾವಲುಗಳಿವೆ. ಹಾಪ್‌ನ ಕಹಿ ಆಮ್ಲಗಳು ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಅಸಿಟಿಕ್ ಬ್ಯಾಕ್ಟೀರಿಯಾಗಳು ಮಾತ್ರ ಹಾಪ್‌ಗೆ ಜಗ್ಗುವುದಿಲ್ಲ, ಮದ್ಯಸಾರಕ್ಕೂ ಜಗ್ಗುವುದಿಲ್ಲ. ಅವುಗಳಿಗೆ ಬೇಕಾದದ್ದು ಆಮ್ಲಜನಕ. ಮುಚ್ಚಿದ ಪೀಪಾಯಿಯಲ್ಲಿ ಅವು ಸುಮ್ಮನಿದ್ದದ್ದು ಅದಿಲ್ಲದ್ದರಿಂದ. ನೆತ್ತಿಯ ಬಿರಡೆ ತೆರೆದಾಗ ನಾವು ಒಳಗೆ ಬಿಟ್ಟದ್ದು ಅದನ್ನೇ.

ಇಂಗ್ಲೆಂಡಿನ ಪಬ್ಬುಗಳ ನೆಲಮಾಳಿಗೆಯಲ್ಲೂ ಇದೇ ಕಥೆ. ಏಲ್ ಎಂಬ ಅಲ್ಲಿಯ ಸಾಂಪ್ರದಾಯಿಕ ಬಿಯರ್‌ನ ಪೀಪಾಯಿಯಲ್ಲಿ ಯೀಸ್ಟು ಜೀವಂತ ಇರುತ್ತದೆ, ಒಳಗೇ ಹುದುಗು ಮುಂದುವರಿಯುತ್ತದೆ. ಆ ಪದ್ಧತಿಯನ್ನು ಉಳಿಸಲು 1971ರಲ್ಲಿ ಕಾಮ್ರಾ ಎಂಬ ಗ್ರಾಹಕ ಸಂಘಟನೆಯೇ ಹುಟ್ಟಿತು. ಫರ್ಕಿನ್ ಎಂಬ ಪೀಪಾಯಿ ಸುಮಾರು 41 ಲೀಟರು. ತೆರೆದ ಮೇಲೆ ಮೂರು ದಿನದಲ್ಲಿ ಖಾಲಿಯಾಗಬೇಕು ಎಂಬುದು ಪಬ್ಬಿನವರ ರೂಢಿ. ಗಿರಾಕಿ ಕಡಿಮೆಯಿರುವ ಪಬ್ಬು ಇದರ ಅರ್ಧದಳತೆಯ ಪೀಪಾಯಿ ತರಿಸುತ್ತದೆ. ಬಿಯರ್‌ನ ಗುಣ ಎಷ್ಟು ಜನ ಬರುತ್ತಾರೆ ಎಂಬುದರ ಮೇಲೆ ನಿಂತಿದೆ. ಜನ ಬರದ ಪಬ್ಬಿನ ಏಲ್ ಕೆಟ್ಟಿರುತ್ತದೆ, ಏಲ್ ಕೆಟ್ಟ ಪಬ್ಬಿಗೆ ಜನ ಬರುವುದಿಲ್ಲ.

ಹಾಗಾದರೆ ಇಬ್ಬರೇ ಇರುವ ಮನೆಗೆ ಪೀಪಾಯಿ ಬೇಡವೆ? ದಾರಿ ಇದೆ. ಗಾಳಿಯ ಬದಲು ಇಂಗಾಲದ ಡೈಆಕ್ಸೈಡನ್ನೇ ಒಳಗೆ ಬಿಡುವುದು. ಯುರೋಪಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಸಿಗುವ 5 ಲೀಟರಿನ ತಗಡಿನ ಪೀಪಾಯಿಗೆ ಒಂದು ನಲ್ಲಿ ಸಾಧನ ಜೋಡಿಸುತ್ತಾರೆ, ಅದರೊಳಗೆ 16 ಗ್ರಾಂ ಅನಿಲ ತುಂಬಿದ ಹೆಬ್ಬೆರಳು ಗಾತ್ರದ ಉಕ್ಕಿನ ಗುಂಡು. ಅದರೊಳಗೆ ಅನಿಲ ದ್ರವರೂಪದಲ್ಲಿರುತ್ತದೆ, ವಾತಾವರಣದ ಐವತ್ತಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ. ಹೊರಬಿಟ್ಟರೆ 8 ಲೀಟರ್ ಆಗುತ್ತದೆ. 5 ಲೀಟರ್ ಬಿಯರ್ ಇದ್ದ ಜಾಗವನ್ನು 1.7 ಪಟ್ಟು ಒತ್ತಡದಲ್ಲಿ ತುಂಬಲು ಬೇಕಾದದ್ದು ಎಂಟೂವರೆ ಲೀಟರು. ಒಂದು ಪೀಪಾಯಿಗೆ ಹೆಚ್ಚುಕಡಿಮೆ ಒಂದು ಗುಂಡು ಸರಿಹೋಗುತ್ತದೆ. ಗುಂಡು ಕೊಳ್ಳುವಾಗ ಆಹಾರದ ಬಳಕೆಗೆ ಎಂದು ಬರೆದದ್ದನ್ನೇ ಕೊಳ್ಳಬೇಕು. ಆಟದ ಏರ್‌ಗನ್ನಿಗೆಂದು ಮಾರುವವುಗಳಲ್ಲಿ ಎಣ್ಣೆಯ ಅಂಶ ಇರಬಹುದು.

ಹೈನೆಕೆನ್ ಕಂಪನಿಯ 5 ಲೀಟರಿನ ಪೀಪಾಯಿಯಲ್ಲಿ ಇದೇ ಕೆಲಸಕ್ಕೆ ಇನ್ನೂ ಜಾಣ ಏರ್ಪಾಡಿದೆ. ಒಳಗೇ ಒಂದು ಪುಟ್ಟ ಡಬ್ಬಿ, ಅದರಲ್ಲಿ ಸಕ್ರಿಯ ಇದ್ದಿಲು. ಒಂದು ಗ್ರಾಂ ಇದ್ದಿಲಿನ ಸೂಕ್ಷ್ಮ ರಂಧ್ರಗಳ ಒಳಮೈಯನ್ನೆಲ್ಲ ಹರಡಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ. ಆ ಮೈಗೆ ಅನಿಲ ಅಂಟಿಕೊಂಡು ಕೂತಿರುತ್ತದೆ. ಬಿಯರ್ ಇಳಿದು ಒತ್ತಡ ತಗ್ಗಿದಂತೆ ಬಿಟ್ಟುಕೊಡುತ್ತದೆ. ಇಂಥ ಪೀಪಾಯಿ ತೆರೆದ ಮೇಲೂ ತಣ್ಣಗಿಟ್ಟರೆ 30 ದಿನ ತಾಳುತ್ತದೆಂದು ಕಂಪನಿ ಹೇಳುತ್ತದೆ. ಆದರೆ ಅಂಥ ಬಿಯರ್ ಪಾಶ್ಚರೀಕರಿಸಿದ್ದು. ಸಣ್ಣ ಬ್ರೂವರಿಗಳ ಸೋಸದ, ಕಾಯಿಸದ ಬಿಯರ್‌ಗೆ ಅನಿಲದ ಗುಂಡು ಗಾಳಿಯಿಂದ ರಕ್ಷಣೆ ಕೊಡುತ್ತದೆ, ಶಾಖದಿಂದ ಕೊಡುವುದಿಲ್ಲ. ಅದು ಹಾಲಿನ ಹಾಗೆ; ಬ್ರೂವರಿಯಿಂದ ಲೋಟದವರೆಗೆ ತಂಪು ಎಲ್ಲೂ ಕಡಿಯಬಾರದು. ಅಂಗಡಿಯಲ್ಲಿ ಕಪಾಟಿನ ಮೇಲೆ ಬೆಚ್ಚಗೆ ಕೂತ ಕ್ರಾಫ್ಟ್ ಪೀಪಾಯಿಯನ್ನು ನಾನಂತೂ ಕೊಳ್ಳಲಾರೆ, ಬೆಲೆ ಎಷ್ಟೇ ಇಳಿಸಿದ್ದರೂ.

ಬೆಂಗಳೂರಿನಲ್ಲಿ ಇಂಥ ಸಾಧನ ಇಟ್ಟುಕೊಂಡವರು ನೆನಪಿಡಬೇಕಾದ ಒಂದು ಸಣ್ಣ ಸಂಗತಿ ಇದೆ. ಒತ್ತಡದ ಮಾಪಕ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಸಮುದ್ರಮಟ್ಟದಿಂದ 50 ಮೀಟರ್ ಮೇಲಿರುವ ಕೊಲೋನ್‌ನಲ್ಲಿ 1.7 ಬೇಕಾದರೆ ಮುಳ್ಳು 0.7ಕ್ಕೆ ನಿಂತರಾಯಿತು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ 0.9ರಷ್ಟು, ಮುಳ್ಳನ್ನು 0.8ಕ್ಕೆ ಏರಿಸಬೇಕು. ಮಂಗಳೂರಿನಲ್ಲಿ ಸರಿಯಾಗಿದ್ದದ್ದು ಘಟ್ಟ ಹತ್ತಿದ ಮೇಲೆ ವಾರ ಕಳೆಯುವಷ್ಟರಲ್ಲಿ ಸಪ್ಪೆ ಎನಿಸಿದರೆ ಕಾರಣ ಇದೂ ಇರಬಹುದು.

ನಮ್ಮಲ್ಲಿ ಮೈಕ್ರೋಬ್ರೂವರಿಗಳ ಬಿಯರ್ ಅಲ್ಲಿಯೇ ಕೂತು ಕುಡಿಯಲೆಂದು ತಯಾರಾಗುವಂಥದು. 2020ರ ಲಾಕ್‌ಡೌನಿನಲ್ಲಿ ತೊಟ್ಟಿಗಳಲ್ಲಿ ಉಳಿದ ಬಿಯರ್ ಕೆಡುತ್ತದೆಂದು, ಅದನ್ನು ಮನೆಗೆ ಒಯ್ಯಲು ರಾಜ್ಯ ಸರ್ಕಾರ ಅವಕಾಶ ಕೊಟ್ಟಿತು. ಗ್ರೌಲರ್ ಎಂಬ ದೊಡ್ಡ ಬಾಟಲಿ ಹಲವರಿಗೆ ಪರಿಚಯವಾದದ್ದು ಆಗ. ನಲ್ಲಿಯಿಂದ ತೆರೆದ ಬಾಯಿಗೆ ತುಂಬಿದ ಗ್ರೌಲರ್‌ಗೆ ತುಂಬುವಾಗಲೇ ಗಾಳಿ ಸೇರಿರುತ್ತದೆ, ಅನಿಲ ಸೋರಿರುತ್ತದೆ. ಅದನ್ನು ಅಂದೇ, ಹೆಚ್ಚೆಂದರೆ ಮರುದಿನ ಮುಗಿಸಬೇಕು. ಬಾಟಲಿ ಗಾಜಿನದಾಗಿದ್ದರೆ ಬೆಳಕಿನ ಕಾಟ ಬೇರೆ. ಬಿಯರ್‌ನಲ್ಲಿರುವ ರೈಬೋಫ್ಲೇವಿನ್ ಬೆಳಕನ್ನು ಹೀರಿ ಹಾಪ್‌ನ ಆಮ್ಲಗಳನ್ನು ಒಡೆಯಿಸಿ ಗಬ್ಬು ವಾಸನೆಯ ಗಂಧಕದ ಸಂಯುಕ್ತವೊಂದನ್ನು ಹುಟ್ಟಿಸುತ್ತದೆ. ಉಕ್ಕಿನ ಪೀಪಾಯಿಗೆ ಆ ಭಯ ಒಂದಿಲ್ಲ.

ಈಗ ಅಳಿಯನ ತಲೆ ಎಣಿಕೆಗೆ ಬರುತ್ತೇನೆ. ಗಾಳಿಯ ಲೆಕ್ಕದಲ್ಲಿ ಆ ಪೀಪಾಯಿ ಅಂದು ರಾತ್ರಿಯೇ ಖಾಲಿಯಾಗಬೇಕು. ದೇಹದ ಲೆಕ್ಕ ಏನು ಹೇಳುತ್ತದೆ? ಹತ್ತು ಲೀಟರಿನಲ್ಲಿ ನೂರಕ್ಕೆ 4.8 ಎಂದರೆ 480 ಮಿಲಿಲೀಟರ್ ಶುದ್ಧ ಮದ್ಯಸಾರ, ತೂಕದಲ್ಲಿ ಸುಮಾರು 380 ಗ್ರಾಂ. 200 ಮಿಲಿಲೀಟರಿನ 50 ಲೋಟಗಳಿಗೆ ಹಂಚಿದರೆ ಲೋಟಕ್ಕೆ ಏಳೂವರೆ ಗ್ರಾಂ. ವಯಸ್ಕರ ಯಕೃತ್ತು ತಾಸಿಗೆ ಸುಡಬಲ್ಲದ್ದು ಹೆಚ್ಚುಕಡಿಮೆ 7 ಗ್ರಾಂ, ಅದೂ ಆಳಿನಿಂದ ಆಳಿಗೆ ವ್ಯತ್ಯಾಸ. ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಲ್ಲಿ ವಾರಕ್ಕೆ ಮೀರಬಾರದೆಂದು ಹಾಕಿದ ಗೆರೆ 14 ಯೂನಿಟ್, ಅಂದರೆ 112 ಗ್ರಾಂ. ಆ ಒಂದು ಪೀಪಾಯಿ ಒಬ್ಬ ಮನುಷ್ಯನ ಮೂರು ವಾರಕ್ಕೂ ಹೆಚ್ಚಿನ ಗೆರೆ.

ಆ ಗೆರೆಯೂ ಅಪಾಯವಿಲ್ಲ ಎಂಬ ಗೆರೆಯಲ್ಲ. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದ್ದು 1988ರಲ್ಲಿ. ಆರೋಗ್ಯಕ್ಕೆ ತೊಂದರೆಯೇ ಇಲ್ಲದ ಕುಡಿತದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಪೀಪಾಯಿ ಕೊಳ್ಳುವವರ ಮುಂದೆ ಇದನ್ನು ಹೇಳದೆ ಬಿಟ್ಟರೆ ನನ್ನ ಬರಹ ಅರ್ಧ ಸುಳ್ಳಾಗುತ್ತದೆ. ಬಾಟಲಿಗೆ ಮುಗಿಯುವ ಜಾಗ ಅಂತ ಒಂದಿದೆ. ಒಂದನ್ನು ತೆರೆದು ನಿಲ್ಲಿಸಬಹುದು. ತೆರೆದ ಪೀಪಾಯಿ ಕೆಡುತ್ತದೆಂಬ ತರಾತುರಿಯೇ ಇನ್ನೊಂದು ಲೋಟ ಬಗ್ಗಿಸುವಂತೆ ಮಾಡುತ್ತದೆ. ಇಬ್ಬರೇ ಕೂತು ಮುಗಿಸಹೊರಟರೆ ತಲೆಗೆ 190 ಗ್ರಾಂ, ಒಂದೇ ರಾತ್ರಿಗೆ ಪ್ರಾಣಕ್ಕೇ ಎರವಾಗಬಹುದಾದ ಪ್ರಮಾಣ. ಹತ್ತು ಜನರಾದರೆ ತಲೆಗೆ 38 ಗ್ರಾಂ, ಊಟದೊಡನೆ, ಐದು ತಾಸಿನಲ್ಲಿ. ಎರಡಕ್ಕೂ ಇರುವ ಅಂತರ ಕೂಡಿದ ಜನರದು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕರೆಯಲು ಜನರಿಲ್ಲದವರಿಗೆ, ಅನಿಲದ ಗುಂಡಿನ ಸಾಧನವೂ ಇಲ್ಲದವರಿಗೆ, ಒಳ್ಳೆಯ ಬ್ರೂವರಿಯ ಒಂದೆರಡು ಕ್ಯಾನು ಎಲ್ಲ ರೀತಿಯಲ್ಲೂ ಮೇಲು. ಕ್ಯಾನಿನೊಳಗಿನ ಬಿಯರ್ ಪೀಪಾಯಿಯದಕ್ಕಿಂತ ಕೀಳು ಎಂಬುದು ಬರೀ ನಂಬಿಕೆ. ಗಾಳಿಯಿಂದಲೂ ಬೆಳಕಿನಿಂದಲೂ ಅದು ಅಷ್ಟೇ ಭದ್ರ.

ಪೀಪಾಯಿಯಿಂದ ಬಗ್ಗಿಸಿದ ಲೋಟಕ್ಕೆ ಇರುವ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಹೆಚ್ಚಾಗಿ ನೊರೆಯದು. ಬಾರ್ಲಿಯ ಪ್ರೋಟೀನುಗಳು ಮತ್ತು ಹಾಪ್‌ನ ಕಹಿ ಆಮ್ಲಗಳು ಗುಳ್ಳೆಯ ಗೋಡೆಯಲ್ಲಿ ಒಂದನ್ನೊಂದು ಹಿಡಿದುಕೊಂಡು ಅದನ್ನು ನಿಲ್ಲಿಸುತ್ತವೆ. ಸೋಡಾದ ನೊರೆ ಕ್ಷಣದಲ್ಲಿ ಹೋಗಿ ಬಿಯರ್‌ನದು ನಿಲ್ಲುವುದು ಈ ಹಿಡಿತದಿಂದ. ಮ್ಯೂನಿಕ್ ವಿಶ್ವವಿದ್ಯಾಲಯದ ಅರ್ಂಟ್ ಲೈಕೆ ಬಿಯರ್ ನೊರೆ ಇಳಿಯುವುದನ್ನು ಅಳೆದು, ಅದು ವಿಕಿರಣಶೀಲ ವಸ್ತು ಕ್ಷಯಿಸುವ ಗಣಿತವನ್ನೇ ಅನುಸರಿಸುತ್ತದೆಂದು ತೋರಿಸಿದರು. 2002ರಲ್ಲಿ ಅವರಿಗೆ ನಗಿಸಿ ಚಿಂತನೆಗೆ ಹಚ್ಚುವ ಇಗ್ ನೊಬೆಲ್ ಬಹುಮಾನ ಬಂತು. ತರಗತಿಯಲ್ಲಿ ಯುರೇನಿಯಂ ತೋರಿಸಲಾಗದ ಮೇಷ್ಟ್ರಿಗೆ ಅದು ನಿಜಕ್ಕೂ ಉಪಯೋಗದ ಪಾಠ.

ಆ ಸಂಜೆ ಕೊನೆಗೆ ಹನ್ನೊಂದು ಜನ ಸೇರಿದೆವು. ಇಬ್ಬರು ಸೇಬಿನ ರಸಕ್ಕೆ ಸೋಡಾ ಬೆರೆಸಿಕೊಂಡು ಕುಡಿದರು. ಒಬ್ಬಾಕೆ ಗರ್ಭಿಣಿ, ಇನ್ನೊಬ್ಬರು ಕಾರು ಓಡಿಸಬೇಕಿತ್ತು. ಅಕ್ಕ ಬೆಂಗಳೂರಿನಿಂದ ಕಳಿಸಿದ ಕೋಡುಬಳೆ ಬಿಯರ್‌ಗಿಂತ ಮೊದಲೇ ಖಾಲಿಯಾಯಿತು. ಹತ್ತೂವರೆಗೆ ಅಳಿಯ ಪೀಪಾಯಿಯನ್ನು ಮುಂದಕ್ಕೆ ವಾಲಿಸಿ ಹಿಡಿದು ಅರ್ಧ ಲೋಟ ಬಸಿದ. ಮೊದಲನೆಯ ಲೋಟದ ಜೊತೆ ಹೋಲಿಸಲೆಂದು ನಾನು ಒಂದು ಗುಟುಕು ರುಚಿ ನೋಡಿದೆ. ಚುರುಕು ತಗ್ಗಿತ್ತು, ಬ್ರೆಡ್ಡಿನಂಥ ಮಾಲ್ಟಿನ ಸಿಹಿ ಮುಂದೆ ಬಂದಿತ್ತು, ಹಾಪ್ ಎಲ್ಲೋ ದೂರದಲ್ಲಿತ್ತು. ಕೆಟ್ಟಿರಲಿಲ್ಲ. ನಾಲ್ಕು ತಾಸಿನ ಗಾಳಿ ಅದರೊಳಗೆ ಓಡಾಡಿದ್ದು ಗೊತ್ತಾಗುತ್ತಿತ್ತು.

ಉಳಿದದ್ದನ್ನು ಅವನು ಬಾಲ್ಕನಿಯ ಗಿಡದ ಕುಂಡಕ್ಕೆ ಸುರಿದು, ನಲ್ಲಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದ. ಸೋಮವಾರ ಖಾಲಿ ಪೀಪಾಯಿಯನ್ನು ಒಂದೇ ಕೈಯಲ್ಲಿ ತೂಗಿಸಿಕೊಂಡು ಹೋಗಿ ಅಂಗಡಿಗೆ ಕೊಟ್ಟು ಠೇವಣಿ ವಾಪಸು ಪಡೆದ.